ಫ್ರಂಟ್ ಗ್ಲಾಸ್‌ಗೆ ಕಲ್ಲು ಬಿದ್ರೆ ರೆಸಿನ್ನಾ, ಹೊಸ ಗ್ಲಾಸಾ: ಎಲ್ಲಾ ಮಾಡಿ ನೋಡಿದವನ ಲೆಕ್ಕ

ಗಾಡಿ ಫ್ರಂಟ್ ಗ್ಲಾಸ್‌ಗೆ ಕಲ್ಲು ಬಿದ್ದಿದೆ, ರೆಸಿನ್ (ಒಡೆದ ಸಂದಿಗೆ ತುಂಬಿ ಗಟ್ಟಿ ಮಾಡೋ ಪಾರದರ್ಶಕ ಅಂಟು) ಹಾಕ್ಸಿ ರಿಪೇರಿ ಮಾಡಿಸ್ಲಾ ಬದಲಾಯಿಸ್ಲಾ ಅಂತ ಆಫೀಸಲ್ಲಿ ಯಾರಾದ್ರೂ ಒಬ್ರು ನನ್ನ ಹತ್ರ ಬಂದೇ ಬರ್ತಾರೆ, ಯಾಕಂದ್ರೆ ಈ ವಿಷಯದಲ್ಲಿ ನನ್ನಷ್ಟು ದುಡ್ಡು ಕಳ್ಕೊಂಡವರು ನಮ್ಮ ಫ್ಲೋರಲ್ಲಿ ಇನ್ಯಾರೂ ಇಲ್ಲ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೆ ಒಂದ್ಸಲ ಬರೆದೇ ಬಿಡ್ತೀನಿ.

ನಂದು 2019ರ ವ್ಯಾಗನ್ಆರ್. ಊರು ಚಳ್ಳಕೆರೆ, ಕೆಲಸ ಬೆಂಗಳೂರು, ಹದಿನೈದು ದಿನಕ್ಕೊಮ್ಮೆ ತುಮಕೂರು, ಶಿರಾ, ಹಿರಿಯೂರು ಮೇಲೆ ಓಡಾಟ. ಆ ಹೈವೇಲಿ ಜಲ್ಲಿ ಟಿಪ್ಪರ್ ಹಿಂದೆ ಹೋದವರಿಗೆ ಗೊತ್ತು, ಟಾರ್ಪಾಲು ಹೆಸರಿಗೆ ಮಾತ್ರ ಇರುತ್ತೆ, ಅರ್ಧ ಗಾಳಿಗೆ ಹಾರಾಡ್ತಿರುತ್ತೆ.

ಮೊದಲನೇ ಕಲ್ಲು ಬಿದ್ದಿದ್ದು 2022ರ ಮೇನಲ್ಲಿ, ಶಿರಾ ದಾಟಿದ ಮೇಲೆ. ಟಪ್ ಅಂತ ಸೌಂಡು, ಎಡಗಡೆ ಸೀಟಿನ ಮುಂದೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಗುಂಡನೆ ಗಾಯ, ನಡುವೆ ಒಂದು ಚುಕ್ಕಿ ಸುತ್ತ ಕಪ್ಪು ಬಳೆ ಥರ. ಹೊಟ್ಟೆ ಚುರ್ ಅಂತು. ಹೆಂಡತಿ ಬ್ಯಾಗಿಂದ ಸೆಲ್ಲೋಟೇಪ್ ತೆಗೆದು "ರೀ ಇದನ್ನ ಅಂಟಿಸಿ, ಧೂಳು ಹೋಗಲ್ಲ" ಅಂದ್ಲು. ಅವಳಿಗೆ ಅದು ಹೆಂಗೆ ಹೊಳೀತೋ, ಅವತ್ತು ನನ್ನ ಉಳಿಸಿದ್ದು ಆ ಎರಡಿಂಚು ಟೇಪೇ.

ವಾಪಸ್ ಬರುವಾಗ ತುಮಕೂರಲ್ಲಿ ಒಂದು ಗ್ಲಾಸ್ ಅಂಗಡಿಗೆ ಹೋದೆ. ಅಲ್ಲಿನವರು ಮೊದಲು ಮಾಡಿದ್ದು ಏನಂದ್ರೆ ಗಾಡಿ ಒಳಗೆ ಕೂತು ಗಾಯದ ಹಿಂಬದಿ ಉಗುರಲ್ಲಿ ಸವರಿ ನೋಡಿದ್ದು. "ಒಳಗೆ ನುಣ್ಣಗಿದೆ ಸಾರ್, ಹಂಗಾದ್ರೆ ಆಗುತ್ತೆ" ಅಂದ್ರು. ಫ್ರಂಟ್ ಗ್ಲಾಸ್ ಅನ್ನೋದು ಒಂದು ಗ್ಲಾಸಲ್ಲ, ಎರಡು ಗ್ಲಾಸಿನ ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಿರ್ತಾರೆ, ಹಾಳೆ ದಪ್ಪ ಸಾಮಾನ್ಯವಾಗಿ 0.76 ಮಿಲಿಮೀಟರ್. ಅದಕ್ಕೇ ಡೋರ್ ಗ್ಲಾಸ್ ಥರ ಕಲ್ಲುಸಕ್ಕರೆ ಆಗಿ ಉದುರಲ್ಲ. ಹೊರಗಿನ ಪದರ ಮಾತ್ರ ಒಡೆದಿದ್ರೆ ರೆಸಿನ್ ಹಾಕಬಹುದು, ಉಗುರಿಗೆ ಒಳಗೂ ತಡೀತು ಅಂದ್ರೆ ಮುಗೀತು, ಹೊಸ ಗ್ಲಾಸೇ.

ಕೆಲಸ ನೋಡೋಕೆ ಚೆನ್ನಾಗಿತ್ತು, ಪಕ್ಕದಲ್ಲೇ ನಿಂತಿದ್ದೆ. ಗಾಡಿನ ನೆರಳಿಗೆ ಹಾಕಿಸಿದ್ರು, ಸೂಜಿಯಲ್ಲಿ ಒಡೆದ ಪುಡಿ ಕೆದಕಿ ತೆಗೆದ್ರು, ಆಮೇಲೆ ಸಕ್ಷನ್ ಕಪ್ ಇರೋ ಒಂದು ಸ್ಟ್ಯಾಂಡ್ ಗ್ಲಾಸ್‌ಗೆ ಕಚ್ಚಿಸಿ ಅದರ ನಡುವಿನ ನಳಿಕೆಗೆ ಎರಡೇ ಎರಡು ಹನಿ ರೆಸಿನ್. ಸ್ಕ್ರೂ ತಿರುಗಿಸ್ತಿದ್ದ ಹಂಗೆ ಒತ್ತಡ ಬೀಳುತ್ತೆ, ಹಿಂದೆ ಎಳೆದ್ರೆ ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತೆ, ಹಿಂಗೆ ಐದಾರು ಸಲ. ಆ ಕಪ್ಪು ಬಳೆ ಕಣ್ಣ ಮುಂದೇನೇ ನಡುವಿಂದ ಅಂಚಿಗೆ ಕರಗ್ತಾ ಹೋಯ್ತು. ಆ ಕಪ್ಪು ಬಣ್ಣ ಗಾಯದೊಳಗಿನ ಗಾಳಿಯಿಂದ ಬರೋದಂತೆ, ರೆಸಿನ್ನಲ್ಲಿ ಬೆಳಕು ಬಾಗೋದು ಹೆಚ್ಚುಕಮ್ಮಿ ಗ್ಲಾಸ್‌ನಲ್ಲಿ ಬಾಗಿದ ಹಾಗೇ ಆದ್ದರಿಂದ ಅದು ತುಂಬಿದ ಕಡೆ ಕಣ್ಣಿಗೆ ಕಾಣಲ್ಲ. ಕೊನೆಗೆ ಯುವಿ (ಬಿಸಿಲಲ್ಲೂ ಇರೋ ನೇರಳಾತೀತ ಬೆಳಕು) ಲ್ಯಾಂಪ್ ಹಿಡಿದು ಗಟ್ಟಿ ಮಾಡಿ, ಮೇಲಿನ ಚುಕ್ಕಿಗೆ ಇನ್ನೊಂದು ದಪ್ಪ ರೆಸಿನ್ ಹನಿ ಹಾಕಿ, ಅದೂ ಗಟ್ಟಿಯಾದ ಮೇಲೆ ಬ್ಲೇಡಲ್ಲಿ ಕೆರೆದು ಸಮ ಮಾಡಿದ್ರು. ಮುಕ್ಕಾಲು ಗಂಟೆ, ಒಂಬೈನೂರು ರೂಪಾಯಿ.

ಗಾಯ ಮಾಯ ಆಗುತ್ತೆ ಅಂತ ಮಾತ್ರ ಅಂದ್ಕೋಬೇಡಿ. ಸಾಸಿವೆ ಕಾಳಷ್ಟು ಮಬ್ಬು ಇವತ್ತಿಗೂ ಕಾಣ್ತಿತ್ತು, ಆ ಗ್ಲಾಸ್ ಇದ್ದಿದ್ರೆ. ಆದ್ರೆ ಆ ಜಾಗ ಎರಡು ಬೇಸಿಗೆ ಕಳೆದ್ರೂ ಒಂದು ಕೂದಲಷ್ಟೂ ಬೆಳೀಲಿಲ್ಲ. ಗ್ಲಾಸ್ ಹೋಗಿದ್ದು ಬೇರೆ ಗಾಯದಿಂದ, ಅದೂ ನನ್ನ ಜಿಪುಣತನದಿಂದ.

2024ರ ಫೆಬ್ರವರಿಲಿ ಎರಡನೇ ಕಲ್ಲು. ಈ ಸಲ ಗುಂಡಗಿರಲಿಲ್ಲ, ಚುಕ್ಕಿಯಿಂದ ನಾಲ್ಕು ಕಾಲು ಹೊರಟ ನಕ್ಷತ್ರದ ಥರ, ವೈಪರ್ ಹತ್ರ ಕೆಳಗೆ. ತುಮಕೂರಲ್ಲಿ ನಿಂತು ನೋಡಿದ್ದೆನಲ್ಲ, ಅಷ್ಟೇ ತಾನೇ, ನಾನೇ ಮಾಡ್ತೀನಿ ಅಂತ ಆನ್‌ಲೈನಲ್ಲಿ ಮುನ್ನೂರ ನಲವತ್ತೊಂಬತ್ತು ರೂಪಾಯಿ ಕಿಟ್ ತರಿಸ್ದೆ. ಕಿಟ್ ಬರೋಕೆ ನಾಲ್ಕು ದಿನ, ಅಷ್ಟರಲ್ಲಿ ಒಂದ್ಸಲ ಗಾಡಿ ತೊಳೆಸಿ ಆಗಿತ್ತು, ಟೇಪ್ ಹಾಕೋದು ನೆನಪೇ ಇಲ್ಲ. ಭಾನುವಾರ ಮನೆ ಮುಂದೆ ಮಧ್ಯಾಹ್ನ ಹನ್ನೆರಡು ಗಂಟೆ ಬಿಸಿಲಲ್ಲಿ ಕೂತೆ. ಈಗ ನೆನೆಸ್ಕೊಂಡ್ರೆ ನಗು ಬರುತ್ತೆ, ಯುವಿಗೆ ಗಟ್ಟಿಯಾಗೋ ಸಾಮಾನನ್ನ ಬಿಸಿಲಲ್ಲಿ ತೆಗೆದು ಹಾಕ್ತಿದೀನಿ, ಅದು ಕಾಲುಗಳ ತುದಿಗೆ ಹರಿಯೋ ಮುಂಚೆ ಚುಕ್ಕಿಯಲ್ಲೇ ಗಟ್ಟಿಯಾಗಿ ಬಾಯಿ ಮುಚ್ಕೊಂಡ್ತು. ಒಳಗೆ ನೀರಿನ ಪಸೆ ಬೇರೆ ಇತ್ತು. ಮೇಲಿಂದ ನೋಡಿದ್ರೆ ಫಸ್ಟ್ ಕ್ಲಾಸ್, ಸೈಡಿಂದ ನೋಡಿದ್ರೆ ನಾಲ್ಕೂ ಕಾಲು ಬೆಳ್ಳಗೆ ಹೊಳೀತಿದೆ. ಆಮೇಲೆ ಅದೇ ತುಮಕೂರಿನ ಅಂಗಡಿಗೆ ಫೋನ್ ಮಾಡಿದ್ರೆ "ನೀವು ಬಾಯಿ ಮುಚ್ಚಿಬಿಟ್ರಲ್ಲ ಸಾರ್, ಇನ್ನು ನಮ್ಮದು ಒಳಗೆ ಹೋಗಲ್ಲ" ಅಂದ್ರು. ಕಿಟ್ ಕೆಟ್ಟದ್ದಂತ ಹೇಳಲ್ಲ, ಪುಟ್ಟ ಗುಂಡು ಗಾಯಕ್ಕೆ, ನೆರಳಲ್ಲಿ, ಅದೇ ದಿನ ಮಾಡಿದ್ರೆ ಆಗಬಹುದೇನೋ. ನನ್ನ ಕೈಲಿ ಮಾತ್ರ ಅದು ರಿಪೇರಿಯಾಗೋ ಗ್ಲಾಸನ್ನ ರಿಪೇರಿಯಾಗದ ಗ್ಲಾಸ್ ಮಾಡಿದ ಸಾಮಾನು.

ಏಪ್ರಿಲಲ್ಲಿ ಬಳ್ಳಾರಿಗೆ ಮದುವೆಗೆ ಹೋಗಿದ್ವಿ. ಬಳ್ಳಾರಿ ಏಪ್ರಿಲ್ ಬಿಸಿಲು ಹೇಳೋದೇ ಬೇಡ. ಛತ್ರದ ಮುಂದೆ ಮೂರು ಗಂಟೆ ನಿಂತ ಗಾಡಿ, ಸ್ಟೇರಿಂಗ್ ಮುಟ್ಟೋಕಾಗಲ್ಲ, ಹತ್ತಿದ ತಕ್ಷಣ ಏಸಿ ಫುಲ್ ಇಟ್ಟು ಗಾಳಿ ಗ್ಲಾಸ್ ಕಡೆ ತಿರುಗಿಸ್ದೆ. ಹೊರಗೆ ಕಾದ ಹಂಚು, ಒಳಗೆ ತಣ್ಣೀರು ಗಾಳಿ. ಮೋಕಾ ರಸ್ತೆ ಸರ್ಕಲ್ ದಾಟಿರಲಿಲ್ಲ, ಟಿಕ್ ಅಂತ ಒಂದು ಸಣ್ಣ ಶಬ್ದ, ನಕ್ಷತ್ರದ ಒಂದು ಕಾಲು ಕೆಳಗಿಂದ ಹೊರಟು ನಮ್ಮ ಕಣ್ಣ ಮುಂದೇನೇ ಮೇಲಕ್ಕೆ ತೆವಳ್ತಾ ಡ್ರೈವರ್ ಸೈಡಿಗೆ ಬಾಗ್ತು. ಹಿಂದೆ ಕೂತಿದ್ದ ಅಮ್ಮ "ಹಾವು ಹರಿದಂಗೆ ಹೋಗ್ತಿದೆಯಲ್ಲೋ" ಅಂದ್ರು. ಮನೆಗೆ ಬಂದು ಅಳೆದೆ, ಹದಿನಾಲ್ಕು ಇಂಚು.

ಅಲ್ಲಿಗೆ ರಿಪೇರಿ ಮಾತು ಮುಗೀತು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಹೇಳೋ ಲೆಕ್ಕ ಹಿಂಗೆ: ಗಾಯ ನಾಣ್ಯದಷ್ಟು, ಗೆರೆ ಆರಿಂಚಿನ ಒಳಗೆ ಇದ್ರೆ ರೆಸಿನ್. ಅಂಚಿಂದ ಎರಡಿಂಚೊಳಗೆ ಇದ್ರೆ ಬೇಡ, ಅಲ್ಲೇ ಗ್ಲಾಸ್ ಮೇಲೆ ಒತ್ತಡ ಜಾಸ್ತಿ. ಡ್ರೈವರ್ ಕಣ್ಣಿಗೆ ನೇರ ಇದ್ರೂ ಬೇಡ, ಯಾಕಂದ್ರೆ ಉಳಿಯೋ ಆ ಸಾಸಿವೆ ಮಬ್ಬು ರಾತ್ರಿ ಎದುರಿನ ಲಾರಿ ಹೈಬೀಮ್ ಬಿದ್ದಾಗ ಹೂವಿನ ಥರ ಅರಳುತ್ತೆ.

ಹೊಸ ಗ್ಲಾಸ್‌ಗೆ ಮೂರು ಕಡೆ ವಿಚಾರಿಸ್ದೆ. ಶೋರೂಮಲ್ಲಿ ಲೇಬರ್ ಎಲ್ಲಾ ಸೇರಿ 9,800. ಬೆಂಗಳೂರಲ್ಲಿ ಜೆಸಿ ರೋಡ್ ಕಡೆ ಒಂದು ಅಂಗಡಿಲಿ ಎರಡು ಗ್ಲಾಸ್ ತೋರಿಸಿದ್ರು, ಐಎಸ್ಐ ಮಾರ್ಕ್ ಇರೋದು 5,200, ಇನ್ನೊಂದು ಹೆಸರೇ ಕೇಳಿರದ ಮಾಲು 3,400. ಸಾವಿರದ ಎಂಟುನೂರು ಉಳಿಯುತ್ತಲ್ಲ ಅಂತ ಮನಸ್ಸು ಒಂದು ನಿಮಿಷ ಜಾರಿದ್ದು ಸುಳ್ಳಲ್ಲ. ಆಗ ಅಲ್ಲೇ ಇದ್ದ ಫಿಟ್ಟರ್ ಎರಡೂ ಗ್ಲಾಸ್ ನಿಲ್ಲಿಸಿ, "ಇದರಲ್ಲಿ ಆ ಟ್ಯೂಬ್‌ಲೈಟ್ ನೋಡ್ತಾ ತಲೆ ಮೇಲೆ ಕೆಳಗೆ ಮಾಡಿ ಸಾರ್" ಅಂದ. ಒಂದರಲ್ಲಿ ಟ್ಯೂಬ್‌ಲೈಟ್ ನೆಟ್ಟಗೆ ಇತ್ತು, 3,400ರದ್ದರಲ್ಲಿ ಕೆಳಗಡೆ ಮೂಲೆ ಬರ್ತಿದ್ದಂಗೆ ಕೆರೆ ನೀರಲ್ಲಿ ಬಿದ್ದ ನೆರಳಿನ ಥರ ಅಲ್ಲಾಡ್ತು. ದಿನಾ ಅದರ ಮೂಲಕ ರೋಡ್ ನೋಡಿದ್ರೆ ತಲೆನೋವು ಗ್ಯಾರಂಟಿ. ನಮ್ಮ ಹಳೇ ಗ್ಲಾಸ್ ಮೂಲೆಲಿ ಅಸಾಹಿ ಇಂಡಿಯಾ ಅನ್ನೋ ಗ್ಲಾಸ್ ಕಂಪನಿ ಮಾರ್ಕ್ ಇತ್ತು, ಆ ಕಂಪನಿಲಿ ಮಾರುತಿದೇ ಪಾಲಿದೆ, ಅದಕ್ಕೆ ಹೊರಗೆ ಹಾಕಿಸಿದ್ರೂ ಮಾರ್ಕ್ ಓದಿ ಅದೇ ದರ್ಜೆದು ತಗೊಂಡ್ರೆ ಶೋರೂಮ್ ಗ್ಲಾಸ್‌ಗೂ ಇದಕ್ಕೂ ಗ್ಲಾಸಿನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ವ್ಯತ್ಯಾಸ ಇರೋದೆಲ್ಲ ಕೂರಿಸೋ ಕೈಯಲ್ಲಿ.

ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಮಾಡು ಅಂತ ಎಲ್ರೂ ಅಂದ್ರು. ನಾನು ಪೇಪರ್ ಪೆನ್ನು ಹಿಡ್ಕೊಂಡು ಕೂತೆ. ಗ್ಲಾಸ್‌ಗೆ ಸವಕಳಿ, ಅಂದ್ರೆ ಹಳೇದಾಯ್ತು ಅಂತ ದುಡ್ಡು, ಕಳೆಯಲ್ಲ, ಅದು ಒಳ್ಳೇದು, 1500 ಸಿಸಿ ಒಳಗಿನ ಕಾರಿಗೆ ಸಾವಿರ ರೂಪಾಯಿ ನಾವು ಹಾಕ್ಕೋಬೇಕು. ಅಂದ್ರೆ ಶೋರೂಮ್ ಬಿಲ್ಲಲ್ಲಿ ನನಗೆ ಬರೋದು 8,800. ಆದ್ರೆ ಎನ್‌ಸಿಬಿ, ಅಂದ್ರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗೋ ಡಿಸ್ಕೌಂಟು? ಐದು ವರ್ಷ ಒಂದೂ ಕ್ಲೇಮ್ ಇಲ್ಲದೆ ಬಂದಿದ್ದೀನಿ, ಆ ಸೆಪ್ಟೆಂಬರಿಗೆ 50 ಪರ್ಸೆಂಟ್ ಆಗೋದಿತ್ತು. ಕ್ಲೇಮ್ ಮಾಡಿದ್ರೆ ಸೊನ್ನೆ, ಆಮೇಲೆ ಮತ್ತೆ 20, 25, 35, 45 ಅಂತ ಮೆಟ್ಟಿಲು ಹತ್ತಬೇಕು. ನನ್ನ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗೋ ಹಾನಿಯ) ಪ್ರೀಮಿಯಂ ಡಿಸ್ಕೌಂಟ್ ಮುಂಚೆ ಆರು ಸಾವಿರ ಅಂತ ಹಿಡಿದ್ರೆ ಮೊದಲ ವರ್ಷ 3,000 ಹೋಯ್ತು, ಎರಡನೇ ವರ್ಷ 1,800, ಆಮೇಲೆ 1,500, 900, 300, ಒಟ್ಟು 7,500. ಗಾಡಿ ಹಳೇದಾದಂಗೆ ಪ್ರೀಮಿಯಂ ಇಳಿಯೋದ್ರಿಂದ ಇದು ಸ್ವಲ್ಪ ಕಮ್ಮಿ ಆಗುತ್ತೆ, ಆದ್ರೂ 8,800 ಸಿಗೋ ಜಾಗದಲ್ಲಿ ಕೈಗೆ ಉಳಿಯೋದು ಒಂದೆರಡು ಸಾವಿರ. ಅದೇ ಹೊರಗಿನ 5,200 ಬಿಲ್‌ಗೆ ಕ್ಲೇಮ್ ಹಾಕಿದ್ರೆ ಶುದ್ಧ ನಷ್ಟ. ಎನ್‌ಸಿಬಿ ಪ್ರೊಟೆಕ್ಟ್ ಆ್ಯಡ್-ಆನ್ (ಕ್ಲೇಮ್ ಮಾಡಿದ್ರೂ ಆ ಡಿಸ್ಕೌಂಟ್ ಉಳಿಸೋ ಕವರ್) ಇರೋರಿಗೆ ಈ ಲೆಕ್ಕವೇ ಬೇರೆ, ನಂಗೆ ಇರಲಿಲ್ಲ. ಕೈಯಿಂದ 5,200 ಕೊಟ್ಟೆ.

ಗ್ಲಾಸ್ ಚೆನ್ನಾಗಿತ್ತು, ಕೂರಿಸಿದ್ದು ಚೆನ್ನಾಗಿರಲಿಲ್ಲ, ಅದಕ್ಕೆ ಅರ್ಧ ತಪ್ಪು ನಂದೂ ಇದೆ. ಸಂಜೆ ಆರೂವರೆಗೆ ಹೋಗಿ ಇವತ್ತೇ ಬೇಕು ಅಂತ ಕೂತೆ. ತಂತಿಲಿ ಹಳೇ ಅಂಟು ಕೊಯ್ದು ಗ್ಲಾಸ್ ಎತ್ತಿದ್ರು, ಫ್ರೇಮ್ ಮೇಲಿನ ಹಳೇ ಅಂಟನ್ನ ತೆಳ್ಳಗೆ ಉಳಿಸಿ ಸಮ ಕೆರೀಬೇಕು, ಪ್ರೈಮರ್ ಹಚ್ಚಿ ಅದು ಆರೋವರೆಗೂ ಕಾಯಬೇಕು, ಆಮೇಲೆ ಗನ್ನಲ್ಲಿ ಕಪ್ಪು ಸೀಲೆಂಟ್ ಎಲ್ಲೂ ತುಂಡಾಗದಂಗೆ ಒಂದೇ ಗೆರೆ ಎಳೀಬೇಕು. ಎಡಗಡೆ ಕೆಳಗಿನ ಮೂಲೆಲಿ ಗನ್ ಖಾಲಿಯಾಗಿ ಹೊಸ ಟ್ಯೂಬ್ ಹಾಕಿದ್ದನ್ನ ನಾನೇ ನೋಡ್ದೆ, ಏನೂ ಅನ್ನಲಿಲ್ಲ. ಗ್ಲಾಸ್ ಇಳಿಸಿ ಟೇಪ್ ಅಂಟಿಸಿ, "ನಾಳೆವರೆಗೂ ಕಿಟಕಿ ಒಂಚೂರು ಇಳಿಸಿಟ್ಟಿರಿ ಸಾರ್, ಡೋರ್ ಜೋರಾಗಿ ಹಾಕಬೇಡಿ, ಒಳಗಿನ ಗಾಳಿ ಗ್ಲಾಸ್ ತಳ್ಳುತ್ತೆ" ಅಂತ ಹೇಳಿ ಕಳ್ಸಿದ್ರು. ಮೇನಲ್ಲಿ ಮೊದಲ ಮಳೆ ಬಂತು, ಬೆಳಿಗ್ಗೆ ನೋಡಿದ್ರೆ ಎಡಗಡೆ ಮ್ಯಾಟ್ ಒದ್ದೆ, ಎರಡು ದಿನಕ್ಕೆ ಒಳಗೆಲ್ಲ ಒದ್ದೆ ಗೋಣಿಚೀಲದ ವಾಸನೆ. ಸೋರ್ತಿದ್ದಿದ್ದು ಸರಿಯಾಗಿ ಆ ಟ್ಯೂಬ್ ಬದಲಾಯಿಸಿದ ಜಾಗದಲ್ಲೇ. ಅಂಗಡಿಯವರು ತಕರಾರಿಲ್ಲದೆ ಮತ್ತೆ ತೆಗೆದು ಹಾಕಿಕೊಟ್ರು, ದುಡ್ಡೂ ಕೇಳಲಿಲ್ಲ, ಆದ್ರೆ ನಂದು ಇನ್ನೊಂದು ದಿನ ರಜೆ ಹೋಯ್ತು. ಈ ಅಂಟು ನೀರು ತಡೆಯೋಕೆ ಮಾತ್ರ ಇರೋದಲ್ಲ, ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬಿದಾಗ ತುಂಬಾ ಕಾರಲ್ಲಿ ಅದು ಇದೇ ಗ್ಲಾಸ್‌ಗೆ ಒರಗ್ಕೊಂಡು ನಿಲ್ಲೋದು. ಅಂಟು ಹಿಡಿಯೋ ಮುಂಚೆ ಹೈವೇ ಹತ್ತಿದ್ರೆ ಏನಾಗ್ಬಹುದು ಅಂತ ಯೋಚನೆ ಮಾಡಿ.

ಫಾಸ್ಟ್‌ಟ್ಯಾಗ್ ಮರೆತೇಬಿಟ್ಟಿದ್ದೆ ನೋಡಿ. ಹಳೇ ಗ್ಲಾಸಿಂದ ಅದನ್ನ ಬಿಡಿಸೋಕೆ ಹೋದ್ರೆ ಹರಿದು ಹೋಗುತ್ತೆ, ಇನ್ನೊಂದು ಸಲ ಕೆಲಸ ಮಾಡಲ್ಲ. ಬ್ಯಾಂಕಿಂದ ಹೊಸದು ಬರೋ ಮುಂಚೆ ಊರಿಗೆ ಹೊರಟು ಟೋಲಲ್ಲಿ ಡಬಲ್ ಕಟ್ಟಿದ್ದು ಈ ಲೆಕ್ಕಕ್ಕೆ ಸೇರಿಸಿಲ್ಲ.

ನಮ್ಮ ಭಾವನ ಕಥೆ ಇದಕ್ಕೆ ಉಲ್ಟಾ. ಅವರದ್ದು ಎಕ್ಸ್‌ಯುವಿ 700, ಕನ್ನಡಿ ಹಿಂದೆ ಗ್ಲಾಸ್‌ಗೆ ಕ್ಯಾಮೆರಾ ಇದೆಯಲ್ಲ, ತಾನೇ ಬ್ರೇಕ್ ಹಾಕೋದು, ಲೈನ್ ನೋಡೋದು, ಅದು. ಹೋದ ವರ್ಷ ಕಲ್ಲು ಬಿದ್ದಿದ್ದು ಸರಿಯಾಗಿ ಆ ಕ್ಯಾಮೆರಾ ಮುಂದೆ. ಗಾಯ ಚಿಕ್ಕದೇ, ನಾನು ದೊಡ್ಡ ಪಂಡಿತನ ಥರ "ಭಾವ, ಒಂಬೈನೂರು ರೂಪಾಯಿ ಕೆಲಸ, ತುಮಕೂರಿಗೆ ಬನ್ನಿ" ಅಂದೆ. ತುಮಕೂರಿನವರು ಮುಟ್ಟಲೇ ಇಲ್ಲ. ನಿಮ್ಮ ಕಣ್ಣಿಗೆ ಮಬ್ಬು ಕಂಡ್ರೆ ನೀವು ತಲೆ ಸರಿಸ್ತೀರಿ, ಕ್ಯಾಮೆರಾ ಸರಿಯುತ್ತಾ ಅಂದ್ರು. ಸರಿಯಾದ ಮಾತು. ಗ್ಲಾಸ್ ಬದಲಾಯಿಸಿದ ಮೇಲೆ ಕ್ಯಾಮೆರಾನ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು, ಅಂದ್ರೆ ಅದರ ನೋಟನ ಸರಿಯಾಗಿ ಹೊಂದಿಸಬೇಕು, ಅದಕ್ಕೆ ಅವರು ಶೋರೂಮಲ್ಲೇ ಹಾಕಿಸಿ ಕ್ಲೇಮ್ ಮಾಡಿದ್ರು. ಅವರ ಗಾಡಿ ದೊಡ್ಡದು, ಕೈಯಿಂದ ಹಾಕಿದ್ದು ಎರಡು ಸಾವಿರ, ಬಿಲ್ ನನ್ನ ಬಿಲ್ಲಿನ ಎಷ್ಟೋ ಪಟ್ಟು, ಎನ್‌ಸಿಬಿ ಹೋದ್ರೂ ಲಾಭವೇ. ಅಂಥ ಗಾಡಿಗೆ ಹೊರಗೆ ಹಾಕಿಸಿ ನಾಲ್ಕು ಕಾಸು ಉಳಿಸೋದು ನಾನಂತೂ ಮಾಡಲ್ಲ.

ನನ್ನ ಗಾಡಿಗೆ ಈಗ ಮತ್ತೆ ಕಲ್ಲು ಬಿದ್ರೆ ಅವತ್ತೇ ಟೇಪು, ಆ ವಾರದಲ್ಲೇ ಅಂಗಡಿಲಿ ರೆಸಿನ್, ನೆರಳಲ್ಲಿ. ಗೆರೆ ಓಡಿದ್ರೆ ಮಾರ್ಕ್ ನೋಡಿ ಹೊರಗಡೆ ಗ್ಲಾಸು, ಬೆಳಿಗ್ಗೆ ಹತ್ತು ಗಂಟೆಗೆ ಬಿಟ್ಟು ಮಾರನೇ ದಿನ ತರೋದು. ಕಿಟ್ಟಲ್ಲಿ ಇನ್ನೂ ಅರ್ಧ ರೆಸಿನ್ ಇದೆ, ಯಾರಿಗಾದ್ರೂ ಬೇಕಾದ್ರೆ ತಗೊಂಡು ಹೋಗಿ, ದುಡ್ಡು ಬೇಡ. ಹೆಂಡತಿ ಮಾತ್ರ ಡ್ಯಾಶ್‌ಬೋರ್ಡಲ್ಲಿ ಸೆಲ್ಲೋಟೇಪ್ ಖಾಯಂ ಇಟ್ಟಿದಾಳೆ, ಟಿಪ್ಪರ್ ಕಂಡ್ರೆ ಸಾಕು "ನಿಧಾನ ಮಾಡ್ರಿ, ಅವನು ಹೋಗ್ಲಿ" ಅಂತಾಳೆ, ನಾನೂ ಎರಡನೇ ಮಾತಾಡದೆ ಎಡಕ್ಕೆ ತಗೊಂತೀನಿ.