65 ಸೆಂ.ಮೀ. ಜಿಮ್ ಬಾಲ್: ಚೆಂಡು ಗಟ್ಟಿ, ಬೂಚು ಮೋಸ

ಚೆಂಡಿಗೆ ಐದಕ್ಕೆ ನಾಲ್ಕು ಸ್ಟಾರ್. ಬೂಚಿಗೆ ಒಂದೂ ಇಲ್ಲ.

ಬೂಚು ಅಂದರೆ ಗಾಳಿ ತುಂಬಿದ ಮೇಲೆ ಒತ್ತಿ ಮುಚ್ಚುವ ಆ ಬಿಳಿ ಪ್ಲಾಸ್ಟಿಕ್ ತುಂಡು. ಎಷ್ಟು ಕೆಜಿ ತಾಳುತ್ತದೆ, ಯಾವ ಬಣ್ಣ ಸಿಗುತ್ತದೆ ಅನ್ನೋದೆಲ್ಲ ಡಬ್ಬದ ಮೇಲೇ ಇದೆ, ನೋಡಿರ್ತೀರಿ. ಬೂಚಿನ ಬಗ್ಗೆ ಯಾರೂ ಹೇಳಲ್ಲ, ಅದಕ್ಕೇ ಬರೀತಿದ್ದೇನೆ.

ನಾನು ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಚಿಗರಿ ಬಸ್ಸಲ್ಲಿ ಓಡಾಡುವವಳು. ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ, ಸಂಜೆ ಹೊತ್ತಿಗೆ ಸೊಂಟ ಹಿಡಿದಿರುತ್ತಿತ್ತು. ಪಿಲಾಟೆಸ್ ಅನ್ನೋ ವ್ಯಾಯಾಮದ ಕ್ಲಾಸಿನ ಫೀಸು ಕೇಳಿಯೇ ಕೈಬಿಟ್ಟೆ. ಫಿಸಿಯೋ ಮೇಡಂ ಈ ಚೆಂಡು ತಗೊಳ್ಳಿ ಅಂದರು. ಸಾವಿರದೊಳಗೆ ಬಂತು. ನಮ್ಮತ್ತಿ ನೋಡಿ, "ಇಷ್ಟ್ ದೊಡ್ಡದು ಎಲ್ಲಿ ಇಡ್ತೀಯವಾ ಇದನ್ನ?" ಅಂದರು. ಬೀರುವಿನ ಮೇಲೆ.

ಮೇಡಂ ಹೇಳಿದ್ದು ಹೊಟ್ಟೆಯ ಮೇಲ್ಗಡೆ ಕಾಣುವ ಸ್ನಾಯುಗಳ ಕಥೆ ಅಲ್ಲ. ಒಳಗೆ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ಅಂತ ಒಂದು ಸ್ನಾಯು ಹೊಟ್ಟೆಯನ್ನು ಅಡ್ಡಡ್ಡ ಸುತ್ತಿಕೊಂಡಿರುತ್ತದೆ. ಬೆನ್ನುಮೂಳೆಗೆ ಅಂಟಿಕೊಂಡು ಮಲ್ಟಿಫಿಡಸ್ ಅನ್ನೋ ಸ್ನಾಯು, ಮೇಲೆ ಉಸಿರಾಟದ ಸ್ನಾಯುವಾದ ವಪೆ, ಕೆಳಗೆ ಪೆಲ್ವಿಕ್ ಫ್ಲೋರ್, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು. ನಾವು ಕೈ ಎತ್ತುವ ಮುಂಚೆಯೇ ಹೊಟ್ಟೆ ಸುತ್ತಿದ ಆ ಸ್ನಾಯು ಬಿಗಿಯಾಗುತ್ತದಂತೆ. ಸೊಂಟನೋವು ಇದ್ದವರಲ್ಲಿ ಅದು ತಡವಾಗುತ್ತದೆ ಅಂತ 1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ ತೋರಿಸಿದರು. ಹಾಗಂತ ಬೇರೆ ವ್ಯಾಯಾಮಕ್ಕಿಂತ ಈ ಒಳಸ್ನಾಯುಗಳ ವ್ಯಾಯಾಮವೇ ಮೇಲು ಅಂತೇನೂ ಸಾಬೀತಾಗಿಲ್ಲ. ನನಗೆ ಒಗ್ಗಿತು, ಅಷ್ಟೇ.

ಬೆಳಗ್ಗೆ ಹಾಲು ಕಾಯಿಸಿಟ್ಟು ಚೆಂಡು ಇಳಿಸುತ್ತೇನೆ. ಕೂದಲು, ಧೂಳು ಎಲ್ಲ ಅದಕ್ಕೇ ಅಂಟಿರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆಮೇಲೆ ಅಂಗಾತ ಮಲಗಿ, ಸೊಂಟದ ಮುಂದುಗಡೆಯ ಎಲುಬಿನಿಂದ ಸ್ವಲ್ಪ ಒಳಗೆ ಎರಡು ಬೆರಳಿಟ್ಟು ಸಣ್ಣಗೆ ಕೆಮ್ಮುವುದು. ಬೆರಳ ಕೆಳಗೆ ಏನೋ ಬಿಗಿಯಾಗುತ್ತದಲ್ಲ, ಅದನ್ನೇ ಕೆಮ್ಮದೆ, ನಿಧಾನಕ್ಕೆ ಉಸಿರು ಬಿಡುತ್ತಾ ತರಬೇಕು. ಹೊಟ್ಟೆ ಒಳಗೆ ಎಳೆದು ಉಸಿರು ಕಟ್ಟಿದರೆ ಲೆಕ್ಕಕ್ಕಿಲ್ಲ. ಇದಾದ ಮೇಲೆ ಡೆಡ್ ಬಗ್, ಅಂದರೆ ಸತ್ತ ಹುಳುವಿನ ಹಾಗೆ ಅಂಗಾತ ಮಲಗಿ ಕೈಕಾಲು ಮೇಲೆತ್ತಿ ಮಾಡುವುದು: ಚೆಂಡನ್ನು ಕೈ ಮತ್ತು ಮೊಣಕಾಲ ನಡುವೆ ಹಿಡಿದು, ಬಲಗೈ ಎಡಗಾಲು ಚಾಚುವುದು, ಸೊಂಟ ನೆಲದಿಂದ ಏಳದ ಹಾಗೆ. ಕೊನೆಗೆ ಮೊಣಕಾಲೂರಿ, ಮೊಣಕೈ ಚೆಂಡಿನ ಮೇಲಿಟ್ಟು, ಝುಣಕ ತಿರುವಿದ ಹಾಗೆ ಸಣ್ಣ ಸಣ್ಣ ಸುತ್ತು. ಸುಲಭ ಅನಿಸುತ್ತದೆ. ಮಾಡಿ ನೋಡಿ, ಮೈಯೆಲ್ಲ ನಡುಗುತ್ತದೆ.

ಈಗ ಬೂಚಿಗೆ ಬರೋಣ. ಮೊದಲು ಚೆನ್ನಾಗೇ ಇತ್ತು. ಆಮೇಲಾಮೇಲೆ ರಾತ್ರಿ ಗಟ್ಟಿ ಇದ್ದ ಚೆಂಡು ಬೆಳಗ್ಗೆ ಮೆತ್ತಗೆ. ಗಾಳಿ ಇಳಿದರೆ ಚೆಂಡು ನೆಲದ ಮೇಲೆ ಅಗಲವಾಗಿ ಕೂರುತ್ತದೆ, ಅಲುಗಾಡುವುದು ಕಡಿಮೆ. ಅಂದರೆ ವ್ಯಾಯಾಮವೂ ಸಲೀಸು. ಇಷ್ಟು ದುಡ್ಡು ಕೊಟ್ಟು ಸಲೀಸು ವ್ಯಾಯಾಮ ಯಾರಿಗೆ ಬೇಕು? ಜೊತೆಗೆ ಕೊಟ್ಟ ಕೈಪಂಪಿನಲ್ಲಿ ತುಂಬುವಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ, ವಾರಂಟಿ ಚೆಂಡಿಗೆ, ಬೂಚಿಗಲ್ಲ ಅಂತ ಉತ್ತರ! ಬೂಚಿಲ್ಲದ ಚೆಂಡು ಇಟ್ಟುಕೊಂಡು ಏನು ಮಾಡಲಿ, ಹೇಳಿ?

ಇನ್ನೊಂದು ಸಿಟ್ಟು. ಕುರ್ಚಿ ಬದಲು ಇದರ ಮೇಲೆ ಕೂತರೆ ಬೆನ್ನು ತಾನೇ ನೆಟ್ಟಗಾಗುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದಾರೆ. ಸುಮ್ನೆ ಮಾತು. ಸ್ವಲ್ಪ ಹೊತ್ತಿಗೆ ಇದರ ಮೇಲೂ ಅಷ್ಟೇ ಚೆನ್ನಾಗಿ ಗೂನಾಗಿ ಕೂರಬಹುದು.

ಆದರೂ ಎಸೆದಿಲ್ಲ. ಯಾಕೆ ಅಂದರೆ, ಮೊನ್ನೆ ಉಣಕಲ್ ಹತ್ತಿರ ಬಸ್ಸು ಗಕ್ಕನೆ ಬ್ರೇಕ್ ಹಾಕಿತು. ಒಂದು ಕೈಯಲ್ಲಿ ಟಿಫಿನ್ ಚೀಲ, ಇನ್ನೊಂದರಲ್ಲಿ ಮೊಬೈಲು. ಹಿಡಿಕೆ ಹಿಡಿದಿರಲಿಲ್ಲ. ಆದರೂ ಬೀಳಲಿಲ್ಲ. ಮೊದಲೆಲ್ಲ ಪಕ್ಕದವರ ಮೇಲೆ ಬೀಳುತ್ತಿದ್ದವಳು ನಾನೇನಾ ಅನಿಸಿತು. ಸಂಜೆಯ ಸೊಂಟನೋವು ಪೂರ್ತಿ ಹೋಗಿಲ್ಲ, ಆದರೆ ಮನೆಗೆ ಬಂದ ಕೂಡಲೇ ಮಲಗುವಷ್ಟೇನೂ ಇಲ್ಲ.

ಸದ್ಯ ಹಾರ್ಡ್‌ವೇರ್ ಅಂಗಡಿಯಿಂದ ನಲ್ಲಿಗೆ ಸುತ್ತುವ ಬಿಳಿ ಟೇಪು ತಂದು ಬೂಚಿಗೆ ಸುತ್ತಿ ಒತ್ತಿದ್ದೇನೆ, ಗಾಳಿ ನಿಂತಿದೆ. ನೀವು ಕೊಳ್ಳುವುದಾದರೆ ಡಬ್ಬದಲ್ಲಿ ಎರಡನೇ ಬೂಚು ಇದೆಯಾ ನೋಡಿಯೇ ದುಡ್ಡು ಕೊಡಿ. ಎತ್ತರ ಐದಡಿ ನಾಲ್ಕಿಂಚಿಗಿಂತ ಕಡಿಮೆ ಇದ್ದರೆ 55 ತಗೊಳ್ಳಿ, 65 ಜಾಸ್ತಿಯಾಗುತ್ತದೆ.