ರಾಜೀನಾಮೆ ಕೊಡುವ ಮೊದಲೇ ನಿಮ್ಮ ದಾಖಲೆ ತೆಗೆದಿಟ್ಟುಕೊಳ್ಳಿ, ಎಚ್‌ಆರ್ ಮಾತು ನಂಬಿ ಕೂರಬೇಡಿ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್‌ನಲ್ಲಿ ಇರುವವರು, ಕೆಲಸ ಬಿಡುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಓದಿ. ಔಟರ್ ರಿಂಗ್ ರೋಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಐದು ವರ್ಷಕ್ಕಿಂತ ಜಾಸ್ತಿ ದುಡಿದು ಹೊರಗೆ ಬಂದೆ. ಹೊರಗೆ ಬರುವಾಗ ಅಲ್ಲಿನ ಎಚ್‌ಆರ್ ವಿಭಾಗ ಕೊಟ್ಟ ಕಾಟ ಇನ್ನೊಬ್ಬರಿಗೆ ಬೇಡ.

ನಮ್ಮದು 90 ದಿನದ ನೋಟಿಸ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಕೆಲಸ ಮಾಡಬೇಕು. ಹೊಸ ಕಂಪನಿಯವರು ಬೇಗ ಬನ್ನಿ ಅಂದರು, ಮ್ಯಾನೇಜರ್ ಒಪ್ಪಿದರು. ಎಚ್‌ಆರ್‌ನವರೂ ಫೋನಿನಲ್ಲಿ, "ಉಳಿದ ರಜೆ ಹೊಂದಿಸಿ ಬೇಗ ರಿಲೀವ್ ಮಾಡೋಣ, ಏನೂ ತೊಂದರೆ ಇಲ್ಲ" ಅಂದರು. ಅದನ್ನೇ ಟಿಕೆಟ್‌ನಲ್ಲಿ (ಕಂಪನಿ ಪೋರ್ಟಲ್‌ನಲ್ಲಿ ಹಾಕುವ ಕೋರಿಕೆ) ಬರೆದು ಹಾಕಿದೆ, ಒಪ್ಪಿಗೆಯೂ ಬಂತು. ಕೊನೆಯ ದಿನ ಲ್ಯಾಪ್‌ಟಾಪ್, ಐಡಿ ಕಾರ್ಡ್ ಒಪ್ಪಿಸಿದೆ. ಅವತ್ತು ಸಂಜೆಯೇ ಮೇಲ್, ಟಿಕೆಟ್ ಪೋರ್ಟಲ್, ಪೇಸ್ಲಿಪ್ ಎಲ್ಲ ಬಂದ್.

ಆಮೇಲೆ ಫುಲ್ ಅಂಡ್ ಫೈನಲ್, ಅಂದರೆ ಕೆಲಸ ಬಿಟ್ಟವರ ಕೊನೆಯ ಲೆಕ್ಕ ಬಂತು. ನೋಟಿಸ್ ದಿನ ಕಡಿಮೆ ಆಗಿದೆ, ಅಷ್ಟು ಸಂಬಳ ನೀವೇ ವಾಪಸ್ ಕಟ್ಟಬೇಕು, ಕಟ್ಟಿದ ಮೇಲೆ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಅಂತ. ನಿಮ್ಮದೇ ಟಿಕೆಟ್‌ನಲ್ಲಿ ಒಪ್ಪಿಗೆ ಇದೆಯಲ್ಲ ಅಂದೆ. "ಅಂಥ ಟಿಕೆಟ್ ನಮಗೆ ಕಾಣಿಸ್ತಿಲ್ಲ, ನಿಮ್ಮ ಹತ್ತಿರ ಪ್ರತಿ ಇದ್ದರೆ ಕಳಿಸಿ" ಅಂದರು. ಪ್ರತಿ ಇದ್ದದ್ದು ಅವರೇ ಬಾಗಿಲು ಹಾಕಿದ ಪೋರ್ಟಲ್‌ನಲ್ಲಿ!

ಅಲ್ಲಿಂದ ಅಲೆದಾಟ ಶುರುವಾಯಿತು. ಎಚ್‌ಆರ್ ಕೇಳಿದರೆ ಪೇರೋಲ್‌ಗೆ ಕಳಿಸಿದ್ದೇವೆ ಅನ್ನುತ್ತಿದ್ದರು. ಪೇರೋಲ್ ಕೇಳಿದರೆ ಎಚ್‌ಆರ್ ಒಪ್ಪಿಗೆ ಬಂದಿಲ್ಲ ಅನ್ನುತ್ತಿದ್ದರು. ಮಾತಾಡಿದವರು ಮರುವಾರ ರಜೆಯಲ್ಲಿ, ಹೊಸಬರಿಗೆ ಮೊದಲಿನಿಂದ ಕಥೆ ಹೇಳಬೇಕು. ಮಾಜಿ ಉದ್ಯೋಗಿಗಳ ಸಹಾಯವಾಣಿಗೆ ಮೇಲ್ ಹಾಕಿದರೆ ಯಾರೂ ಓದದೆ ಟಿಕೆಟ್ ಮುಚ್ಚುತ್ತಿದ್ದರು. "ನಿಮ್ಮ ಸಮಸ್ಯೆ ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ಅಂತ ಕೆಳಗೆ ಐದು ಹಳದಿ ನಕ್ಷತ್ರ. ಇತ್ತ ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ರಿಲೀವಿಂಗ್ ಲೆಟರ್ ಎಲ್ಲಿ ಅಂತ ದಿನವೂ ಕೇಳುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತಾ?

ನನ್ನನ್ನು ಉಳಿಸಿದ್ದು ಮ್ಯಾನೇಜರ್ ವಾಟ್ಸಾಪ್‌ನಲ್ಲಿ ಕಳಿಸಿದ್ದ ಎರಡು ಸಾಲು. ಯಾವ ದಿನಕ್ಕೆ ರಿಲೀವ್, ಎಚ್‌ಆರ್ ಒಪ್ಪಿದೆ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಅದನ್ನು ಸೇರಿಸಿ ವಕೀಲರಿಂದ ಕಂಪನಿಯ ನೋಂದಾಯಿತ ಕಚೇರಿಗೆ ನೋಟಿಸ್ ಕಳಿಸಿದೆ. ಆಮೇಲೆ ಯಾವ ವಿವರಣೆಯೂ ಇಲ್ಲದೆ ವಸೂಲಿ ರದ್ದಾಯಿತು, ಲೆಟರ್ ಬಂತು. ಒಂದು ಕ್ಷಮೆಯ ಮಾತೂ ಇಲ್ಲ.

ಪಿಎಫ್ ಕಥೆ ಬೇರೆ. ಕೆಲಸ ಬಿಟ್ಟ ದಿನಾಂಕವನ್ನು ಅವರು ನಮೂದಿಸಿಯೇ ಇರಲಿಲ್ಲ, ಅದಿಲ್ಲದೆ ಹಳೆ ಖಾತೆಯ ಹಣ ವರ್ಗಾವಣೆ ಆಗುತ್ತಿರಲಿಲ್ಲ. ಕೇಳಿದರೆ ಇಪಿಎಫ್‌ಒ (ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಸರ್ವರ್ ಸಮಸ್ಯೆ ಅಂದರು. ಇದಕ್ಕೆ ಕಾಯಬೇಡಿ. ಕಂಪನಿ ಕೊನೆಯ ಬಾರಿ ಪಿಎಫ್ ಕಟ್ಟಿ ಎರಡು ತಿಂಗಳಾದ ಮೇಲೆ ಯುಎಎನ್ (ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಪೋರ್ಟಲ್‌ನಲ್ಲಿ 'ಮಾರ್ಕ್ ಎಕ್ಸಿಟ್' ಒತ್ತಿ ನೀವೇ ದಿನಾಂಕ ಹಾಕಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ, ಅಷ್ಟೇ. ಬೇರೆ ತಕರಾರಿದ್ದರೆ ಇಪಿಎಫ್‌ಒದ ದೂರು ಪೋರ್ಟಲ್ ಇದೆ.

ಇನ್ನು ಸಂಬಳದ ವಿಷಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟು ಹೊರಟವರಿಗೆ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನಾನು ಬಿಟ್ಟಾಗ ಇದು ಇರಲಿಲ್ಲ. ನಿಮಗೆ ಇದೆ. "45 ದಿನ ಆಗುತ್ತೆ, ನಮ್ಮ ಪಾಲಿಸಿ" ಅಂದರೆ ಈ ನಿಯಮ ತೋರಿಸಿ ಲಿಖಿತ ಉತ್ತರ ಕೇಳಿ.

ಕೊನೆಯ ವಾರದವರೆಗೆ ಸುಮ್ನೆ ಕಾಯಬೇಡಿ. ಆಫರ್ ಲೆಟರ್, ಎಲ್ಲ ಪೇಸ್ಲಿಪ್, ಫಾರ್ಮ್ 16 (ಸಂಬಳದಲ್ಲಿ ತೆರಿಗೆ ಹಿಡಿದದ್ದರ ಪತ್ರ), ರಜೆಯ ಬಾಕಿ ತೋರಿಸುವ ಪುಟ, ರಾಜೀನಾಮೆ ಒಪ್ಪಿದ ಮೇಲ್, ಎಚ್‌ಆರ್ ಜೊತೆಗಿನ ಪ್ರತಿ ಟಿಕೆಟ್, ಇವೆಲ್ಲದರ ಪ್ರತಿ ಲಾಗಿನ್ ಇರುವಾಗಲೇ ನಿಮ್ಮ ಕೈಯಲ್ಲಿರಲಿ. ಕಂಪನಿಯ ಕೋಡ್, ಗ್ರಾಹಕರ ಮಾಹಿತಿ ಮಾತ್ರ ಮುಟ್ಟಬೇಡಿ, ಅವರಿಗೆ ಅದೇ ನೆಪ ಆಗುತ್ತದೆ. ಫೋನಿನಲ್ಲಿ ಏನೇ ಹೇಳಿದರೂ, "ನೀವು ಈಗ ಹೇಳಿದ್ದು ಹೀಗೆ" ಅಂತ ಆಗಲೇ ಮೇಲ್ ಹಾಕಿ, ನಿಮ್ಮ ಸ್ವಂತ ವಿಳಾಸವನ್ನೂ ಸೇರಿಸಿ. ಲ್ಯಾಪ್‌ಟಾಪ್ ಕೊಟ್ಟಾಗ ಸೀರಿಯಲ್ ನಂಬರ್, ಚಾರ್ಜರ್ ಸಮೇತ ಬರೆದ ರಸೀದಿ ತೆಗೆದುಕೊಳ್ಳಿ. ನನ್ನ ಸಹೋದ್ಯೋಗಿಯೊಬ್ಬರಿಗೆ ಚಾರ್ಜರ್ ಬಂದಿಲ್ಲ ಅಂತಲೇ ಲೆಕ್ಕ ತಡೆದಿದ್ದರು.

ನನ್ನ ಗ್ರಾಚ್ಯುಟಿ (ದೀರ್ಘ ಸೇವೆಗೆ ಕಂಪನಿ ಕೊಡಬೇಕಾದ ಹಣ) ಇನ್ನೂ ಬಂದಿಲ್ಲ. "ಅದು ಸಿಟಿಸಿಯಲ್ಲೇ ಸೇರಿದೆ" ಅನ್ನುತ್ತಾರೆ. ಸಿಟಿಸಿಯಲ್ಲಿ, ಅಂದರೆ ಕಂಪನಿ ಹೇಳುವ ಒಟ್ಟು ವಾರ್ಷಿಕ ವೇತನದ ಲೆಕ್ಕದಲ್ಲಿ, ತೋರಿಸಿದರೆ ಕೊಟ್ಟ ಹಾಗಾಗುವುದಿಲ್ಲ. ನಾನು ಬಿಟ್ಟಾಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಐದು ವರ್ಷ ಪೂರೈಸಿದವರಿಗೆ ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ, 30 ದಿನದೊಳಗೆ ಕೊಡಬೇಕಿತ್ತು, ತಡವಾದರೆ ಬಡ್ಡಿ ಸೇರಿಸಿ. ಅರ್ಜಿ ಕಳಿಸಿದ್ದೇನೆ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಮೊರೆ ಹೋಗುತ್ತೇನೆ. ಇದೇ ದಾರಿಯಲ್ಲಿ ಹೋಗಿ ಹಣ ಪಡೆದವರಿದ್ದರೆ ದಯವಿಟ್ಟು ಹೇಗೆ ಅಂತ ತಿಳಿಸಿ.