ಬತ್ತದ ಹೂಜಿ: ಒಂದು ಊರಿಗೆ ನೀರು ಕೊಟ್ಟು ನೋಡಿದ ಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತಾ ಪಾತ್ರ ವಹಿಸುವ ಕಥೆಯಾಟ ಆಡುವವರಿಗೆ 'ಡಿಕ್ಯಾಂಟರ್ ಆಫ್ ಎಂಡ್‌ಲೆಸ್ ವಾಟರ್' ಏನು ಅಂತ ವಿವರಿಸಬೇಕಾಗಿಲ್ಲ. ಮಿಕ್ಕವರಿಗೆ: ಎಷ್ಟು ಸುರಿದರೂ ನೀರು ಮುಗಿಯದ ಮಾಯದ ಪಾತ್ರೆ ಅದು, ನಾವು ಅದಕ್ಕೆ ಹೂಜಿ ಅಂತೀವಿ. ಬಳಸಿದವರೆಲ್ಲ ಹೇಳೋದು ಒಂದೇ: ಮರುಭೂಮಿಯಲ್ಲಿ ಬಾಯಾರಿಕೆ ಇರಲ್ಲ, ಬೆಂಕಿ ಆರಿಸಬಹುದು, ಎದುರಿಗಿದ್ದವನನ್ನು ನೀರು ಹೊಡೆದು ಕೆಡವಬಹುದು. ನಾಲ್ಕೈದು ಜನ ಸಾಹಸಕ್ಕೆ ಹೊರಟವರಿಗೆ ಅದೆಲ್ಲ ಸರಿ. ನಾವು ಅದನ್ನು ಆಟದೊಳಗಿನ ಒಂದು ಊರಿನ ಪುರಸಭೆಯಾಗಿ ಬಳಸುತ್ತಿದ್ದೇವೆ, ಎರಡು ವರ್ಷ ಆಗ್ತಾ ಬಂತು. ಆ ಕಡೆಯಿಂದ ನೋಡಿದರೆ ಈ ವಸ್ತುವಿನಲ್ಲಿ ಒಂದು ದೊಡ್ಡ ಐಬಿದೆ. ಅದನ್ನು ಯಾರೂ ಹೇಳಲ್ಲ.

2024ರ ಬೇಸಿಗೆ ನೆನಪಿದೆಯಲ್ಲ? ಬೆಂಗಳೂರಲ್ಲಿ ಬೋರ್‌ವೆಲ್‌ಗಳು ಒಣಗಿದ್ದವು, ಟ್ಯಾಂಕರಿಗೆ ಕಾಯೋದೇ ಕೆಲಸ. ಆಗ ನಮ್ಮ ಭಾನುವಾರದ ಗುಂಪಿಗೆ ಡ್ರ್ಯಾಗನ್ ಬೇಟೆ ಸಾಕಾಗಿತ್ತು. ಈ ಸಲ ಊರು ನಡೆಸೋಣ ಅಂದೆವು, ಆಟ ನಡೆಸುವ ಡಿಎಂ ಒಪ್ಪಿದಳು. ಗಡಿಯಲ್ಲೊಂದು ಒಣ ಊರು ಕೊಟ್ಟಳು. ಮೂರು ಸಾವಿರ ಜನ, ಖಜಾನೆ ಹೆಚ್ಚುಕಡಿಮೆ ಖಾಲಿ. ಇದ್ದಬದ್ದ ದುಡ್ಡಲ್ಲಿ 400 ಚಿನ್ನದ ನಾಣ್ಯ ಕೊಟ್ಟು ಹೂಜಿ ತಗೊಂಡೆವು.

ಕಾಗದದ ಮೇಲೆ ಲೆಕ್ಕ ಹಾಕಿದಾಗ ಎಲ್ಲರಿಗೂ ತಲೆ ತಿರುಗಿತ್ತು. 'ಗೀಸರ್' ಅನ್ನೋ ಮಂತ್ರದ ಮಾತು ಹೇಳಿದರೆ 30 ಗ್ಯಾಲನ್ ನೀರು ಚಿಮ್ಮುತ್ತೆ, ಅಂದರೆ 113 ಲೀಟರಿಗೂ ಸ್ವಲ್ಪ ಜಾಸ್ತಿ. ಇಷ್ಟು ಬರೋದು ಒಂದು ರೌಂಡಿನಲ್ಲಿ, ಅಂದರೆ ಎಲ್ಲರ ಸರದಿ ಒಮ್ಮೆ ಮುಗಿಯೋ ಹೊತ್ತು, ಆಟದ ಲೆಕ್ಕದಲ್ಲಿ 6 ಸೆಕೆಂಡ್. 12,000 ಲೀಟರಿನ ಟ್ಯಾಂಕರು ಹತ್ತೂವರೆ ನಿಮಿಷದಲ್ಲಿ ತುಂಬಿಹೋಗುತ್ತೆ. ದಿನವಿಡೀ ಬಿಟ್ಟರೆ 16 ಲಕ್ಷ ಲೀಟರಿನ ಮೇಲೆ. ನಮ್ಮ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತಾರಲ್ಲ, ಹಾಗೆ ನೋಡಿದರೆ ಹನ್ನೆರಡು ಸಾವಿರ ಜನಕ್ಕೆ ಒಂದೇ ಹೂಜಿ ಸಾಕು. 2024ರ ಅಕ್ಟೋಬರಿನಲ್ಲಿ ಶುರುವಾದ ಕಾವೇರಿ ಐದನೇ ಹಂತದ ನೀರು ದಿನಕ್ಕೆ 77.5 ಕೋಟಿ ಲೀಟರ್. ಅಷ್ಟಕ್ಕೆ 475 ಹೂಜಿ ಇದ್ದರೆ ಆಯ್ತು. ತೊರೆಕಾಡನಹಳ್ಳಿಯಿಂದ ಪಂಪ್ ಮಾಡುವ ಕರೆಂಟ್ ಬಿಲ್ ಕೂಡ ಇಲ್ಲ.

ಈಗ ಐಬಿನ ವಿಷಯ. ಒಂದು ಸಲ ಹೇಳಿದರೆ ನೀರು ಬರೋದು ಒಂದೇ ರೌಂಡ್. ನಿಮ್ಮ ಮುಂದಿನ ಸರದಿ ಬರುತ್ತಿದ್ದಂತೆ ನಿಂತುಹೋಗುತ್ತೆ. ಮತ್ತೆ ಹೇಳಬೇಕು. ಆರು ಸೆಕೆಂಡಿಗೆ ಒಂದು ಸಲ, ದಿನಕ್ಕೆ 14,400 ಸಲ! ಒಬ್ಬ ಮನುಷ್ಯ ಅಲ್ಲೇ ನಿಂತು ಹೂಜಿ ಹಿಡಿದುಕೊಂಡು ಒದರುತ್ತಲೇ ಇರಬೇಕು.

ಸಿಟ್ಟು ಬರೋದು ಯಾಕೆ ಅಂದರೆ ಹಳೇ ಮಾಡೆಲ್ ಹೀಗಿರಲಿಲ್ಲ. ಆಟದ ನಿಯಮ ಪುಸ್ತಕದ 2003ರ 3.5 ಆವೃತ್ತಿಯಲ್ಲಿ ಒಂದು ಸಲ ಹೇಳಿದರೆ ಮುಗೀತು, ನಿಲ್ಲಿಸುವ ಮಾತು ಹೇಳೋ ತನಕ ಸುರೀತಾನೇ ಇರುತ್ತಿತ್ತು. ಬೆಲೆ ಮಾತ್ರ 9,000 ಚಿನ್ನದ ನಾಣ್ಯ. 2014ರ ಐದನೇ ಆವೃತ್ತಿಯಲ್ಲಿ 'ಅನ್‌ಕಾಮನ್' ದರ್ಜೆಗೆ ಇಳಿಸಿ 101ರಿಂದ 500ರೊಳಗೆ ಸಿಗೋ ಹಾಗೆ ಮಾಡಿದರು, ಜೊತೆಗೆ ಸದ್ದಿಲ್ಲದೆ ಈ ಸೌಲಭ್ಯ ಕಿತ್ತುಕೊಂಡರು. ಗುಹೆಯೊಳಗೆ ಒಂದೆರಡು ಸಲ ಬಳಸುವವರಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಪುರಸಭೆಗೆ ಗೊತ್ತಾಗುತ್ತೆ.

ಒಬ್ಬನೇ ಎಂಟು ಗಂಟೆ ಕೂಗೋಕೆ ಆಗುತ್ತಾ? ಪಾಳಿಗೆ ಇಬ್ಬರಂತೆ ಆರು ಜನ ಬೇಕು. ಪುಸ್ತಕದ ಪ್ರಕಾರ ಕಸುಬು ಕಲಿಯದ ಆಳಿಗೆ ದಿನಕ್ಕೆ 2 ಬೆಳ್ಳಿ ನಾಣ್ಯ. ವರ್ಷಕ್ಕೆ 438 ಚಿನ್ನದ ನಾಣ್ಯ ಬರೀ ಸಂಬಳ. ಹೂಜಿಗೆ ಕೊಟ್ಟದ್ದು 400. ಮಾಯದ ವಸ್ತು ಅಗ್ಗ, ಅದನ್ನು ಹಿಡಿದುಕೊಂಡು ನಿಲ್ಲೋ ಕೈ ದುಬಾರಿ.

ಹಾಗಾಗಿ ನಮ್ಮ ಭಾನುವಾರಕ್ಕೆ ಒಂದು ಪದ್ಧತಿಯೇ ಹುಟ್ಟಿಕೊಂಡಿದೆ. ಕಾಫಿ ಬರುವ ಮುಂಚೆ ಪಾಳಿ ಪುಸ್ತಕ ತೆಗೆಯಬೇಕು. ಉದ್ದನೆಯ, ಕೆಂಪು ಅಂಚಿನ, ಅಂಗಡಿ ಲೆಕ್ಕದ ಪುಸ್ತಕ ಅದು. ಒಂದೊಂದು ಪಾಳಿಗೂ ಒಂದು ದಾಳ ಉರುಳಿಸಬೇಕು. ಒಂದು ಬಿದ್ದರೆ ಯಾರಿಗೋ ಗಂಟಲು ಕಟ್ಟಿದೆ, ರಜೆ. ಹೂಜಿಯ ಬದಲು ಅಡುಗೆಮನೆಯ ಸ್ಟೀಲ್ ಬಾಟಲಿ ಮೇಜಿನ ಮೇಲಿರುತ್ತೆ. ಹೂಜಿಯನ್ನು ಅಲ್ಲಾಡಿಸಿದರೆ ಒಳಗೆ ನೀರಿದ್ದ ಹಾಗೆ ಕುಲುಕುತ್ತೆ ಅಂತ ಪುಸ್ತಕದಲ್ಲಿದೆ, ಅದಕ್ಕೇ ಅರ್ಧ ನೀರು ತುಂಬಿಟ್ಟಿರುತ್ತೇವೆ. ಪಾಳಿ ಬದಲಾಗುವಾಗ ಬಾಟಲಿ ಕುಲುಕಿ, ಪಕ್ಕದವರಿಗೆ ದಾಟಿಸಿ, "ಗೀಸರ್!" ಅಂತ ಕೂಗಬೇಕು. ಮೊದಮೊದಲು ಗೆಳೆಯನ ಅಮ್ಮ ಒಳಗಿಂದ, "ಗೀಸರ್ ಆಗಲೇ ಆಫ್ ಮಾಡಿದೀನಿ ಕಣಪ್ಪಾ" ಅನ್ನುತ್ತಿದ್ದರು. ಈಗ ಅವರೂ ಸುಮ್ನಿದ್ದಾರೆ.

ಆರು ತಿಂಗಳು ಕಳೆಯೋ ಹೊತ್ತಿಗೆ ಡಿಎಂ ಮುಷ್ಕರ ತಂದಳು. ಕೂಗುವವರಿಗೆ ಸಂಬಳ ಹೆಚ್ಚಬೇಕಂತೆ. ನಾವು ಕೊಡಲಿಲ್ಲ. ಹೂಜಿಯಿಂದ ಸಿಹಿನೀರೂ ಬರುತ್ತೆ, ಉಪ್ಪುನೀರೂ ಬರುತ್ತೆ, ಯಾವುದು ಅನ್ನೋದು ಹಿಡಿದವನ ಇಷ್ಟ. ಒಂದು ರಾತ್ರಿ ಪಾಳಿಯವನು ಬೀದಿ ತೊಟ್ಟಿಗಳಿಗೆಲ್ಲ ಉಪ್ಪುನೀರು ಬಿಟ್ಟ. ಬೆಳಿಗ್ಗೆ ಊರೆಲ್ಲ ಪುರಸಭೆ ಬಾಗಿಲಿಗೆ ಬಂತು.

ಇಲ್ಲಿಂದ ನನ್ನ ಸಿಟ್ಟು ಸ್ವಲ್ಪ ಇಳಿಯಿತು ಅನ್ನಬೇಕು. ಕೋಲಾರದ ಕಡೆಯ ಗೆಳೆಯ ಅಲ್ಲಿಯ ತನಕ ಸುಮ್ನೆ ಚಕ್ಕುಲಿ ತಿನ್ನುತ್ತಾ ಕೂತಿದ್ದವನು, "ಒಂದು ಕೆರೆ ಕಟ್ರೋ, ತೂಬು ಇಡ್ರೋ, ಒಬ್ಬ ನೀರಗಂಟಿನ ನೇಮಿಸ್ರೋ" ಅಂದ. ಹಳ್ಳಿ ಲೆಕ್ಕದಲ್ಲಿ ತಲೆಗೆ 55 ಲೀಟರ್ ಹಿಡಿದರೆ ಮೂರು ಸಾವಿರ ಜನಕ್ಕೆ ದಿನಕ್ಕೆ 1.65 ಲಕ್ಷ ಲೀಟರ್. ಎರಡೂವರೆ ಗಂಟೆ ಕೂಗಿದರೆ ಮುಗೀತು. ನೀರು ಮೊದಲು ಕೆರೆಗೆ, ಆಮೇಲೆ ತೂಬಿನಿಂದ ಊರಿಗೆ. ತೂಬು ತೆಗೆಯುವ ಮುಂಚೆ ನೀರಗಂಟಿ ಒಂದು ಬೊಗಸೆ ಕುಡಿದು ನೋಡಬೇಕು. ಯಾವ ಕೇರಿಗೆ ಮೊದಲು ಅನ್ನೋದೂ ಅವನ ಕೈಯಲ್ಲೇ, ಹಾಗಾಗಿ ಈಗ ಜಗಳವೆಲ್ಲ ಅವನ ಜೊತೆ. ಹಳೇ ಮಾಡೆಲ್ ಇದ್ದಿದ್ದರೆ ಹೂಜಿಯನ್ನು ಗೋಪುರದ ಮೇಲಿಟ್ಟು ಮರೆತುಬಿಡುತ್ತಿದ್ದೆವು, ಇಷ್ಟು ಆಟವೇ ಇರುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಇಷ್ಟವಿಲ್ಲ, ಆದರೂ ನಿಜ.

ಮಿಕ್ಕ ಪಾಳಿಯವರನ್ನು ಮನೆಗೆ ಕಳಿಸೋ ಹಾಗಿರಲಿಲ್ಲ, ಮತ್ತೆ ಮುಷ್ಕರ. ಅವರಿಂದ ಉಪ್ಪು ಮಾಡಿಸಿದೆವು. ಸಮುದ್ರದ ನೀರಿನಷ್ಟು ಉಪ್ಪು ಅಂತ ಡಿಎಂ ಒಪ್ಪಿದಳು, ಅಂದರೆ ಲೀಟರಿಗೆ 35 ಗ್ರಾಂ. ಒಂದು ಕೂಗಿಗೆ ಹೆಚ್ಚುಕಡಿಮೆ ನಾಲ್ಕು ಕಿಲೋ. ಗಂಟೆಗೆ ಎರಡೂಕಾಲು ಟನ್ನಿನ ಮೇಲೆ! ಒಣ ಊರು, ಬಿಸಿಲಿಗೆ ದುಡ್ಡಿಲ್ಲ. ಪುಸ್ತಕದ ದರದಲ್ಲಿ ಒಂದು ಪೌಂಡ್ ಉಪ್ಪಿಗೆ 5 ತಾಮ್ರದ ನಾಣ್ಯ, ಹಾಗಾದರೆ ಒಂದು ಗಂಟೆಯ ಕೂಗಿಗೆ 260 ಚಿನ್ನದ ನಾಣ್ಯ. ಎರಡನೇ ವಾರಕ್ಕೇ ಡಿಎಂ ಉಪ್ಪಿನ ಬೆಲೆ ಕೆಡವಿದಳು, ನ್ಯಾಯವೇ ಬಿಡಿ.

ಬೇರೆ ವಸ್ತುಗಳನ್ನೂ ಊರಿನ ಕೆಲಸಕ್ಕೆ ಹಚ್ಚಿ ನೋಡಿದೆವು. ಕಸಕ್ಕೆ ಬ್ಯಾಗ್ ಆಫ್ ಹೋಲ್ಡಿಂಗ್, ಅಂದರೆ ಹೊರಗಿಗಿಂತ ಒಳಗೆ ದೊಡ್ಡದಾದ ಮಾಯದ ಚೀಲ, ತರಬೇಡಿ. 500 ಪೌಂಡ್ ಹಿಡಿಯುತ್ತೆ ನಿಜ, ಆದರೆ ಒಂದು ಗಾಜಿನ ಚೂರು ಚುಚ್ಚಿ ಹರಿದರೆ ಬ್ಯಾಗೂ ಹೋಯ್ತು, ಕಸವೆಲ್ಲ ಆಸ್ಟ್ರಲ್ ಅನ್ನೋ ಬೇರೊಂದು ಲೋಕದ ಪಾಲು. ಹಸಿ ಕಸ ಒಣ ಕಸ ಬೇರೆ ಮಾಡದ ಊರಿಗೆ ಇದು ಆಗಿಬರಲ್ಲ. ಬೀದಿದೀಪಕ್ಕೆ ಆರದ ಉರಿ ಹಚ್ಚುವ 'ಕಂಟಿನ್ಯುಯಲ್ ಫ್ಲೇಮ್' ಮಂತ್ರ ಬೇಷ್: 50 ಚಿನ್ನದ ನಾಣ್ಯದ ಮಾಣಿಕ್ಯದ ಪುಡಿ ಒಂದು ಸಲ, ಆಮೇಲೆ ಎಣ್ಣೆ ಖರ್ಚಿಲ್ಲ. 2004ರಲ್ಲಿ ಬಂದ ಎಬೆರಾನ್ ಅನ್ನೋ ಇದೇ ಆಟದ ಇನ್ನೊಂದು ಲೋಕದಲ್ಲಿ ದೀಪ, ರೈಲು, ಸುದ್ದಿ ಕಳಿಸೋದು ಎಲ್ಲ ಮಾಯೆಯಿಂದಲೇ ನಡೆಯುತ್ತೆ. ಆದರೆ ಅಲ್ಲಿ ಇದೆಲ್ಲ ಡ್ರ್ಯಾಗನ್ ಗುರುತು ಹೊತ್ತ ಮನೆತನಗಳ ಕೈಲಿದೆ, ದೊರೆಗಳೂ ಅವರನ್ನು ಕೇಳಿಯೇ ಹೆಜ್ಜೆ ಇಡಬೇಕು. ನಮಗೆ ಆರು ಜನ ಕೂಗುವವರೇ ಸಾಕಾಗಿದ್ದಾರೆ.

ನಿಜವಾದ ಖುಷಿ ಕೊಟ್ಟದ್ದು ಸೆಂಡಿಂಗ್ ಸ್ಟೋನ್ಸ್, ಒಂದು ಹಿಡಿದವರು ಇನ್ನೊಂದು ಹಿಡಿದವರಿಗೆ ಸುದ್ದಿ ಕಳಿಸುವ ಜೋಡಿ ಕಲ್ಲು. ಬಳಸಿದ ಮೇಲೆ ಮರುದಿನ ಬೆಳಗಾಗೋ ತನಕ ಮತ್ತೆ ಕೆಲಸ ಮಾಡಲ್ಲ. 25 ಪದ ಮೀರುವಂತಿಲ್ಲ. ಸರ್ಕಾರಿ ಪತ್ರ ಬರೆದು ಅಭ್ಯಾಸ ಇರುವವರನ್ನು ಒಮ್ಮೆ ಇದಕ್ಕೆ ಕೂರಿಸಿ ನೋಡಿ! "ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ" ಅನ್ನೋಷ್ಟರಲ್ಲೇ ಐದು ಪದ ಖರ್ಚು. ನಾವು ಆಡೋದು ಕನ್ನಡದಲ್ಲಿ, ಹಾಗಾಗಿ 'ಮಳೆಯಾಗದಿದ್ದುದರಿಂದ' ಒಂದು ಪದವಾ ಎರಡಾ ಅಂತ ದೊಡ್ಡ ವಾದವೇ ನಡೆಯಿತು. ಒಂದೇ ಅಂತ ಡಿಎಂ ತೀರ್ಪು ಕೊಟ್ಟಳು.

ಹೂಜಿಗೆ ನನ್ನ ಕಡೆಯಿಂದ ಐದರಲ್ಲಿ ಮೂರು. ನಿಮ್ಮ ಊರಲ್ಲಿ ಕೆರೆ ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ಮೊದಲು ಕೆರೆ, ಕೋಡಿ, ಚರಂಡಿಗೆ ದುಡ್ಡು ಎತ್ತಿಡಿ, ಬಂದ ನೀರು ಎಲ್ಲಿಗಾದರೂ ಹೋಗಬೇಕಲ್ವಾ. ಡಿಎಂ ಸಡಿಲ ಮನಸ್ಸಿನವರಾಗಿದ್ದರೆ ಆರು ಸೆಕೆಂಡಿನ ನಿಯಮ ಬಿಟ್ಟು 3.5ರದ್ದು ಕೇಳಿ. ನಮ್ಮವಳು ಒಪ್ಪಲ್ಲ.

ಸದ್ಯ ಇನ್ನೊಂದು ತಲೆನೋವು ಬಂದಿದೆ. ನಮ್ಮ ಉಪ್ಪಿನಿಂದ ತಮ್ಮ ಉಪ್ಪಿನ ಗದ್ದೆಯವರು ಬೀದಿಗೆ ಬಿದ್ದರು ಅಂತ ಕರಾವಳಿಯ ಊರಿನವರು ಕಲ್ಲಿನ ಮೂಲಕ ದೂರು ಕಳಿಸಿದ್ದಾರೆ, ಸರಿಯಾಗಿ 25 ಪದ. ತಕ್ಷಣ ಉತ್ತರ ಕೊಡಬಹುದಿತ್ತು, ಯಾರಿಗೂ ಮಾತು ಹೊಳೆಯಲಿಲ್ಲ. ನಾಳೆ ಬೆಳಗಾದ ಮೇಲೆ ನಮ್ಮ ಕಲ್ಲಿನಿಂದ ಕಳಿಸಬೇಕು. ಬರೆದಿಟ್ಟದ್ದು 31 ಪದ ಇದೆ, ಕ್ಷಮೆ ತೆಗೆಯೋದಾ ಬೆಲೆ ತೆಗೆಯೋದಾ ಅಂತ ವಾಟ್ಸಾಪ್ ಗುಂಪಲ್ಲಿ ಜಗಳ ನಡೀತಿದೆ.